ಗುಗ್ಗೆಯ ಕಸುಬು

ಕಿವಿಯ ಗುಗ್ಗೆಯನ್ನು ಕೊಳೆ ಎಂದು ಎಣಿಸಿಯೇ ನಾವು ದೊಡ್ಡವರಾಗಿದ್ದೇವೆ. ಮಿಂದು ಬಂದ ಮೇಲೆ ಟವೆಲ್ಲಿನ ತುದಿ ಹುರಿ ಮಾಡಿ ಕಿವಿಗೆ ತುರುಕುವುದು, ಊಟವಾದ ಮೇಲೆ ಜಗಲಿಯಲ್ಲಿ ಕೂತು ಬೆಂಕಿಕಡ್ಡಿಯಿಂದ ಕೆರೆಯುವುದು, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇರ್‌ಪಿನ್ನಿನ ಬಾಗಿದ ತುದಿಯಿಂದ ತೆಗೆಯುವುದು ಕಾರವಾರ, ಅಂಕೋಲೆಯ ಯಾವ ಮನೆಗೂ ಹೊಸದಲ್ಲ. ಹೊರಗಿನ ಧೂಳು ಒಳಗೆ ಹೋಗಿ ಕೂತಿದೆ, ತೆಗೆಯದೆ ಬಿಟ್ಟರೆ ತುಂಬಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಆದರೆ ಗುಗ್ಗೆ ಹೊರಗಿನಿಂದ ಬಂದದ್ದಲ್ಲ. ಕಿವಿ ತನ್ನ ಚರ್ಮದಲ್ಲೇ, ತನ್ನದೇ ಗ್ರಂಥಿಗಳಿಂದ, ತನ್ನ ಕೆಲಸಕ್ಕೆಂದು ತಯಾರಿಸಿಕೊಳ್ಳುವ ಸರಕು ಅದು. ಅದರಲ್ಲಿ ಏನೇನು ಸೇರುತ್ತದೆ, ಎಲ್ಲಿ ಸೇರುತ್ತದೆ, ಕೆಲಸ ಮುಗಿದ ಮೇಲೆ ಹೇಗೆ ಹೊರಬೀಳುತ್ತದೆ ಎಂದು ತಿಳಿಯುತ್ತ ಹೋದಂತೆ ಈ ಹಳದಿ ಅಂಟಿನ ಬಗ್ಗೆ ನನಗೆ ಗೌರವ ಹುಟ್ಟಿತು. ಅಪರೂಪಕ್ಕೆ ಅದು ಸಿಕ್ಕಿಕೊಂಡಾಗ ನೋವಾಗದಂತೆ ಹೊರತೆಗೆಯುವ ಕೈಗಳ ಬಗ್ಗೆಯೂ ಅಷ್ಟೇ ಗೌರವ.

ಕಿವಿಯ ಬಾಯಿಂದ ಕಿವಿತಮಟೆಯವರೆಗಿನ ದಾರಿ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದ. ಅದು ನೆಟ್ಟಗಿನ ಕೊಳವೆಯಲ್ಲ, ನಡುವೆ ಬಳುಕಿದೆ. ಹೊರಗಿನ ಮೂರನೇ ಒಂದು ಪಾಲಿಗೆ ಮೃದ್ವಸ್ಥಿಯ ಗೋಡೆ, ಒಳಗಿನ ಎರಡು ಪಾಲಿಗೆ ಗಟ್ಟಿ ಎಲುಬಿನ ಗೋಡೆ. ಎರಡರ ಮೇಲೂ ಇರುವುದು ಮೈಚರ್ಮದ ಮುಂದುವರಿಕೆಯೇ. ಹೊರಪಾಲಿನ ಚರ್ಮ ದಪ್ಪ; ಅದರಲ್ಲಿ ಸಣ್ಣ ಕೂದಲುಗಳಿವೆ, ಗ್ರಂಥಿಗಳಿವೆ. ಒಳಪಾಲಿನ ಚರ್ಮ ಎಲುಬಿಗೆ ಅಂಟಿಕೊಂಡ ತೆಳ್ಳನೆಯ ಪದರ. ಅಲ್ಲಿ ಕೂದಲೂ ಇಲ್ಲ, ಗ್ರಂಥಿಯೂ ಇಲ್ಲ. ಅಂದರೆ ಗುಗ್ಗೆ ತಯಾರಾಗುವುದು ಬಾಗಿಲಿಗೆ ಹತ್ತಿರದ ಆ ಒಂದು ಸೆಂಟಿಮೀಟರಿಗೂ ಕಡಿಮೆ ಜಾಗದಲ್ಲಿ. ತಮಟೆಯ ಮೇಲೆ ಒತ್ತಿಕೊಂಡ ಗುಗ್ಗೆ ಕಂಡರೆ ಅದು ಅಲ್ಲಿ ಹುಟ್ಟಿದ್ದಲ್ಲ. ಹೆಚ್ಚಿನ ಸಲ ಕಡ್ಡಿಯೊಂದು ಅದನ್ನು ಅಲ್ಲಿಗೆ ತಳ್ಳಿರುತ್ತದೆ.

ಆ ಸಣ್ಣ ಜಾಗದಲ್ಲಿ ಎರಡು ಬಗೆಯ ಗ್ರಂಥಿಗಳು ಕೂಡಿ ಕೆಲಸ ಮಾಡುತ್ತವೆ. ಒಂದು, ಕೂದಲಿನ ಬುಡಕ್ಕೆ ತಗುಲಿಕೊಂಡ ಜಿಡ್ಡುಗ್ರಂಥಿ. ಮುಖದ ಮೇಲೆ ಎಣ್ಣೆಪಸೆ ತರುವುದೂ ಇದೇ ಜಾತಿಯದು. ಇನ್ನೊಂದು ಕಿವಿಯ ಚರ್ಮದಲ್ಲೇ ಇರುವ, ರೂಪ ಬದಲಿಸಿಕೊಂಡ ಬೆವರುಗ್ರಂಥಿ. ಕಂಕುಳಿನ ಬೆವರುಗ್ರಂಥಿಗಳೂ ತಾಯಿಯ ಎದೆಹಾಲಿನ ಗ್ರಂಥಿಗಳೂ ಇದರ ಬಳಗದವೇ. ಒಂದು ಕಿವಿಯಲ್ಲಿ ಇಂಥವು 1000ದಿಂದ 2000ದವರೆಗೆ ಇರುತ್ತವೆ. ಜಿಡ್ಡುಗ್ರಂಥಿಯಿಂದ ಎಣ್ಣೆ ಬರುತ್ತದೆ, ಇವುಗಳಿಂದ ನೀರಾದ ತೆಳು ಸ್ರಾವ ಬರುತ್ತದೆ. ಎರಡೂ ಕಿವಿದಾರಿಯ ಗೋಡೆಯ ಮೇಲೆ ಬೆರೆತು, ಉದುರಿದ ಚರ್ಮದ ಹೊಟ್ಟನ್ನೂ ಬಿದ್ದ ಕೂದಲನ್ನೂ ಹಾರಿಬಂದ ಧೂಳನ್ನೂ ತಮ್ಮೊಳಗೆ ಕಲಸಿಕೊಂಡಾಗ ಗುಗ್ಗೆಯಾಗುತ್ತದೆ. ಹೊಸದಾಗಿ ಬಂದದ್ದು ತಿಳಿಹಳದಿ. ಗಾಳಿ ತಾಗಿ ದಿನ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು, ತುಂಬಾ ಹಳೆಯದಾದರೆ ಕಪ್ಪು. ಮಕ್ಕಳ ಗುಗ್ಗೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ಕಪ್ಪಾಗಿದೆ ಎಂದ ಮಾತ್ರಕ್ಕೆ ಹೆದರಬೇಕಾಗಿಲ್ಲ, ಅದು ವಯಸ್ಸಾದ ಗುಗ್ಗೆ ಅಷ್ಟೆ.

ಇಂಗ್ಲಿಷರು ಇದನ್ನು ಕಿವಿಯ ಮೇಣ ಎನ್ನುತ್ತಾರೆ. ಆದರೆ ಜೇನುಮೇಣಕ್ಕೂ ಇದಕ್ಕೂ ಸಂಬಂಧವಿಲ್ಲ. ತೂಕದಲ್ಲಿ ನೋಡಿದರೆ ಗುಗ್ಗೆಯ ದೊಡ್ಡ ಪಾಲು, 60 ಶೇಕಡಾದಷ್ಟು, ಉದುರಿದ ಚರ್ಮದ ಕೆರಟಿನ್. ಉಗುರು, ಕೂದಲುಗಳಲ್ಲಿ ಇರುವುದೂ ಅದೇ ಪ್ರೋಟೀನು. 12ರಿಂದ 20 ಶೇಕಡಾ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು, ಆಲ್ಕೊಹಾಲುಗಳು ಮತ್ತು ಸ್ಕ್ವಾಲೀನ್. 6ರಿಂದ 9 ಶೇಕಡಾ ಕೊಲೆಸ್ಟೆರಾಲ್. ಈ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಸ್ಕ್ವಾಲೀನಿನ ಮೇಲೆ. ಅದನ್ನು 1906ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಮಿತ್ಸುಮಾರು ತ್ಸುಜಿಮೊಟೊ ಮೊದಲು ಗುರುತಿಸಿದ್ದು ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯಲ್ಲಿ. ಕಾರವಾರದ ಮೀನುಪೇಟೆಯಲ್ಲಿ ಕೊಂಕಣಿಯವರು ಮೋರಿ ಎನ್ನುವ ಮೀನು ಅದು. ಕಡಲಲ್ಲಿ ಈಜುವ ಮೋರಿಯ ಎಣ್ಣೆಯಲ್ಲಿರುವ ದ್ರವ್ಯವೇ ಅದನ್ನು ಕೊಳ್ಳಲು ಬಂದವರ ಕಿವಿಯಲ್ಲೂ ಇದೆ. ನೀರನ್ನು ಹತ್ತಿರ ಸೇರಿಸದ ಗುಣ ಗುಗ್ಗೆಗೆ ಬಂದದ್ದು ಇಂಥ ಕೊಬ್ಬುಗಳಿಂದ.

ಎಲ್ಲರ ಗುಗ್ಗೆಯೂ ಒಂದೇ ತರಹ ಅಲ್ಲ. ಲೋಕದಲ್ಲಿ ಎರಡು ಜಾತಿಯ ಗುಗ್ಗೆ ಇದೆ. ಹಳದಿ-ಕಂದು ಬಣ್ಣದ, ಅಂಟಂಟಾದ ಹಸಿಗುಗ್ಗೆ ಒಂದು; ಬೂದುಬಣ್ಣದ, ಹೊಟ್ಟಿನಂತೆ ಉದುರುವ ಒಣಗುಗ್ಗೆ ಇನ್ನೊಂದು. ಆಫ್ರಿಕಾ, ಯುರೋಪಿನವರಲ್ಲಿ ಹಸಿಯದೇ ಹೆಚ್ಚು; ಚೀನಾ, ಕೊರಿಯಾ, ಜಪಾನಿನವರಲ್ಲಿ ಬಹುಪಾಲು ಒಣಗುಗ್ಗೆ. ಭಾರತದಲ್ಲಿ ಎರಡೂ ಉಂಟು. ಈ ವ್ಯತ್ಯಾಸಕ್ಕೆ ಕಾರಣ ಏನೆಂಬುದನ್ನು 2006ರಲ್ಲಿ ನಾಗಸಾಕಿ ವಿಶ್ವವಿದ್ಯಾಲಯದ ಯೋಶಿಉರಾ, ನಿಇಕಾವಾ ಮತ್ತು ಅವರ ಜೊತೆಗಾರರು ಕಂಡುಹಿಡಿದರು. 16ನೇ ವರ್ಣತಂತುವಿನಲ್ಲಿರುವ ಎಬಿಸಿಸಿ11 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ತಂದೆ, ತಾಯಿ ಇಬ್ಬರಿಂದಲೂ ಆ ಬದಲಾದ ಪ್ರತಿ ಬಂದರೆ ಗುಗ್ಗೆ ಒಣಗಿರುತ್ತದೆ. ಅದೇ ಅಕ್ಷರ ಕಂಕುಳಿನ ಬೆವರಿನ ವಾಸನೆಯನ್ನೂ ತಗ್ಗಿಸುತ್ತದೆ. ಮುಂದೆ ಜಪಾನಿನ ಪ್ರೌಢಶಾಲೆಗಳ ಮಕ್ಕಳು ದೇಶದ ಬೇರೆಬೇರೆ ಊರುಗಳಿಂದ ಉಗುರಿನ ಚೂರುಗಳನ್ನು ಕೂಡಿಸಿಕೊಟ್ಟು, ಈ ಜೀನ್ ಎಲ್ಲೆಲ್ಲಿ ಎಷ್ಟಿದೆ ಎಂಬ ನಕಾಶೆಯನ್ನೇ ಸಿದ್ಧಮಾಡಿದರು. ನಮ್ಮ ಶಾಲೆಗಳಲ್ಲೂ ಇಂಥ ಕೆಲಸ ನಡೆದರೆ ಎಷ್ಟು ಚೆನ್ನ.

ಇನ್ನು ನನ್ನನ್ನು ಹೆಚ್ಚು ಬೆರಗುಗೊಳಿಸಿದ ಸಂಗತಿಗೆ ಬರುತ್ತೇನೆ. ಮೈಯ ಬೇರೆ ಕಡೆ ಸತ್ತ ಚರ್ಮ ಇದ್ದಲ್ಲೇ ಉದುರುತ್ತದೆ; ಬಟ್ಟೆ ಉಜ್ಜುತ್ತದೆ, ನೀರು ತೊಳೆಯುತ್ತದೆ. ಕಿವಿಯೊಳಗೆ ಉಜ್ಜುವವರು ಯಾರು? ಒಂದು ಕಡೆ ಮುಚ್ಚಿದ ಓಣಿ ಅದು. ಚರ್ಮ ಅಲ್ಲೇ ಉದುರಿದ್ದರೆ ಕೆಲವು ವರ್ಷಗಳಲ್ಲಿ ದಾರಿಯೇ ಹೂತುಹೋಗಬೇಕಿತ್ತು. ಹೂಳದಿರಲು ಕಾರಣ, ಅಲ್ಲಿನ ಚರ್ಮ ನಡೆಯುತ್ತದೆ. ತಮಟೆಯ ನಡುವಿನಿಂದ ಹೊರಟು ಅದರ ಅಂಚಿಗೆ, ಅಲ್ಲಿಂದ ಕಿವಿದಾರಿಯ ಗೋಡೆ ಹಿಡಿದು ಹೊರಬಾಯಿಯ ಕಡೆಗೆ ಚರ್ಮದ ಮೇಲ್ಪದರ ಸರಿಯುತ್ತಲೇ ಇರುತ್ತದೆ. ತಮಟೆಯ ಮೇಲೆ ಮಸಿಯ ಚುಕ್ಕೆ ಇಟ್ಟು, ವಾರವಾರವೂ ನೋಡಿ, ಚುಕ್ಕೆ ಹೊರಗೆ ಹೊರಗೆ ಸಾಗುವುದನ್ನು ವೈದ್ಯರು ಅಳೆದಿದ್ದಾರೆ. ಪೀಟರ್ ಆಲ್ಬರ್ಟಿ ಎಂಬವರ 1964ರ ಅಧ್ಯಯನ ಇದರಲ್ಲಿ ಪ್ರಸಿದ್ಧ. ವೇಗ ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ. ಕೈಯುಗುರು ಬೆಳೆಯುವ ವೇಗವೂ ಸುಮಾರಾಗಿ ಅಷ್ಟೇ. ಹೀಗೆ ಸರಿದು ಬಂದ ಚರ್ಮ ಹೊರಪಾಲಿಗೆ ಮುಟ್ಟಿದಾಗ ಗ್ರಂಥಿಗಳ ಎಣ್ಣೆ ಅದನ್ನು ಹಿಡಿದುಕೊಳ್ಳುತ್ತದೆ. ನಾವು ಅಗಿಯುವಾಗ, ಮಾತಾಡುವಾಗ, ಆಕಳಿಸುವಾಗ ದವಡೆಯ ಕೀಲು ಕಿವಿದಾರಿಯ ಮುಂಗೋಡೆಯನ್ನು ಒತ್ತಿ ಬಿಡುತ್ತದೆ. ಆ ಒತ್ತಡಕ್ಕೆ ಗುಗ್ಗೆ ಸಡಿಲವಾಗಿ, ಹೊರಗೆ ಬಂದು, ನಮಗೆ ಗೊತ್ತಾಗದಂತೆ ದಿಂಬಿನ ಮೇಲೋ ಸ್ನಾನದ ನೀರಿಗೋ ಬಿದ್ದುಹೋಗುತ್ತದೆ. ಕಿವಿಯನ್ನು ಗುಡಿಸುವ ಕೆಲಸಕ್ಕೆ ನಮ್ಮ ಕೈ ಬೇಕಾಗಿಯೇ ಇಲ್ಲ.

ಈ ಹೊರದಾರಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ಕಡಲಲ್ಲೇ ಸಾಕ್ಷಿ ಇದೆ. ಬ್ರೈಡ್ಸ್ ತಿಮಿಂಗಿಲ, ನೀಲಿ ತಿಮಿಂಗಿಲ ಮೊದಲಾದ, ಹಲ್ಲಿನ ಬದಲು ಜಾಲರಿಯಂಥ ಪಟ್ಟಿಗಳಿರುವ ತಿಮಿಂಗಿಲಗಳು ಅರಬ್ಬೀ ಸಮುದ್ರದಲ್ಲಿ ಓಡಾಡುತ್ತವೆ. ಸತ್ತವು ಆಗಾಗ ಉತ್ತರ ಕನ್ನಡದ ದಂಡೆಗೂ ತೇಲಿಬರುತ್ತವೆ. ಅವುಗಳ ಕಿವಿದಾರಿ ಹೊರಗಡೆಗೆ ಮುಚ್ಚಿಕೊಂಡಿದೆ. ಹೀಗಾಗಿ ಹುಟ್ಟಿದಂದಿನಿಂದ ಸಾಯುವವರೆಗಿನ ಗುಗ್ಗೆಯೆಲ್ಲ ಒಳಗೇ ಪದರ ಪದರವಾಗಿ ಕೂಡಿ ಒಂದು ಉದ್ದನೆಯ ಬೆಣೆಯಾಗುತ್ತದೆ. ತಿಳಿಬಣ್ಣದ ಪದರ ಒಂದು, ಗಾಢಬಣ್ಣದ್ದು ಒಂದು, ಹೀಗೆ ಎಣಿಸಿ ತಿಮಿಂಗಿಲದ ವಯಸ್ಸು ಹೇಳಬಹುದು ಎಂದು 1955ರಲ್ಲಿ ಪರ್ವಿಸ್ ಎಂಬ ಬ್ರಿಟಿಷ್ ವಿಜ್ಞಾನಿ ತೋರಿಸಿಕೊಟ್ಟರು. 2007ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಬಳಿ ಹಡಗು ಬಡಿದು ಸತ್ತ ನೀಲಿ ತಿಮಿಂಗಿಲವೊಂದರ ಗುಗ್ಗೆಬೆಣೆ ಸುಮಾರು 25 ಸೆಂಟಿಮೀಟರ್ ಉದ್ದವಿತ್ತು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಅದನ್ನು ಪದರ ಪದರವಾಗಿ ಬಿಡಿಸಿ, ಆ ಪ್ರಾಣಿ ಯಾವ ಪ್ರಾಯದಲ್ಲಿ ಪ್ರೌಢವಾಯಿತು, ಯಾವಾಗ ಅದರ ಮೈಯಲ್ಲಿ ಒತ್ತಡದ ಹಾರ್ಮೋನು ಏರಿತು, ಡಿಡಿಟಿ, ಪಾದರಸ ಯಾವಾಗ ಸೇರಿದವು ಎಂಬುದನ್ನೆಲ್ಲ ಓದಿ 2013ರಲ್ಲಿ ಪ್ರಕಟಿಸಿದರು. ತಾಯಿಯ ಹಾಲಿನ ಕಾಲದಲ್ಲೇ ಕೀಟನಾಶಕಗಳ ದೊಡ್ಡ ಪಾಲು ಮರಿಯ ಮೈ ಸೇರಿತ್ತು ಎಂಬುದು ಅದರಲ್ಲಿ ಹೊರಬಿದ್ದ ನೋವಿನ ಸಂಗತಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವೇ ಇದೆ. ಮುಂದೆ ದಂಡೆಗೆ ಬಂದ ತಿಮಿಂಗಿಲವನ್ನು ಹೂಳುವ ಮೊದಲು ಅದರ ಕಿವಿಯ ಕಡೆಗೂ ಯಾರಾದರೂ ನೋಡಲಿ ಎಂದು ನನ್ನ ಆಸೆ.

ಮನುಷ್ಯನ ಗುಗ್ಗೆಯ ಕೆಲಸ ನೆನಪು ಕೂಡಿಡುವುದಲ್ಲ, ಕಾವಲು. ಕಿವಿದಾರಿ ಬೆಚ್ಚಗೆ, ಕತ್ತಲೆಯಾಗಿ, ತೇವವಾಗಿ ಇರುವ ಜಾಗ. ಬೂಸ್ಟು ಬೆಳೆಯಲು ಹೇಳಿ ಮಾಡಿಸಿದ ಹಾಗಿದೆ. ಗುಗ್ಗೆ ಅಲ್ಲಿ ಮೂರು ಬಗೆಯಲ್ಲಿ ತಡೆಯೊಡ್ಡುತ್ತದೆ. ಅದರ ಕೊಬ್ಬು ಚರ್ಮಕ್ಕೆ ನೀರು ಇಳಿಯಗೊಡುವುದಿಲ್ಲ. ಅದರ ತುಸು ಆಮ್ಲಗುಣ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಒಗ್ಗುವುದಿಲ್ಲ. ಜೊತೆಗೆ ಕಣ್ಣೀರಿನಲ್ಲೂ ಇರುವ ಲೈಸೋಜೈಮ್, ಎದೆಹಾಲಿನಲ್ಲೂ ಇರುವ ಲ್ಯಾಕ್ಟೋಫೆರಿನ್, ಇನ್ನೂ ಕೆಲವು ಸಣ್ಣ ಪ್ರೋಟೀನುಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆ. ಹಾರಿಬಂದ ಹುಳಹುಪ್ಪಟೆಯೂ ಅಂಟಿನಲ್ಲಿ ಸಿಕ್ಕಿಬೀಳುತ್ತದೆ. ಗುಗ್ಗೆಯನ್ನು ಪೂರ್ತಿ ಕೆರೆದು ತೆಗೆದ ಕಿವಿ ತುರಿಸುತ್ತದೆ, ಒಣಗುತ್ತದೆ, ಬಿರಿಯುತ್ತದೆ. ತುರಿಸಿತೆಂದು ಮತ್ತೆ ಕಡ್ಡಿ ಹಾಕುತ್ತೇವೆ. ಕಿವಿನೋವಿಗೆ ಎಷ್ಟೋ ಸಲ ಇದೇ ದಾರಿ.

ನಮ್ಮ ಕರಾವಳಿಯಲ್ಲಿ ಈ ಕಾವಲಿನ ಬೆಲೆ ಹೆಚ್ಚು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಚಪ್ಪಲಿಗೆಲ್ಲ ಬೂಸ್ಟು. ಕಿವಿಗೂ ಅದೇ ಕಾಲ. ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರ ಕಿವಿದಾರಿಯಲ್ಲಿ ಬೆಳೆದರೆ ಒಳಗೆ ತೊಯ್ದ ಕಾಗದದಂಥ ಬಿಳಿಪದರ, ಅದರ ಮೇಲೆ ಕರಿಚುಕ್ಕೆ ಕಾಣುತ್ತದೆ. ತಡೆಯಲಾಗದ ತುರಿಕೆ, ಆಮೇಲೆ ನೋವು. ಹೀಗೆ ಬಂದವರನ್ನು ಡಾಕ್ಟರು ಮೊದಲು ಕೇಳುವುದು ಕಡ್ಡಿಯ ಬಗ್ಗೆ, ಎರಡನೆಯದು ಎಣ್ಣೆಯ ಬಗ್ಗೆ. ನನ್ನ ಬಾಲ್ಯದಲ್ಲಿ ಎಣ್ಣೆಸ್ನಾನದ ದಿನ ಅಜ್ಜಿ ಬಿಸಿ ಮಾಡಿ ಆರಿಸಿದ ತೆಂಗಿನೆಣ್ಣೆಯನ್ನು ಎರಡೂ ಕಿವಿಗೆ ಬಿಡುತ್ತಿದ್ದರು. ಆ ಪ್ರೀತಿಯ ಬಗ್ಗೆ ನನಗೆ ಎರಡು ಮಾತಿಲ್ಲ. ಗಟ್ಟಿಯಾದ ಗುಗ್ಗೆಯನ್ನು ಮೆತ್ತಗಾಗಿಸಲು ಎಣ್ಣೆ ನೆರವಾಗುತ್ತದೆ ಎಂಬುದೂ ನಿಜ. ಆದರೆ ಮಳೆಗಾಲದ ತೇವದಲ್ಲಿ ದಿನವೂ ಎಣ್ಣೆ ಬಿಡುವುದರಿಂದ ಶಿಲೀಂಧ್ರಕ್ಕೆ ಅನುಕೂಲವೇ ಆಗುತ್ತದೆ. ಬೆಳ್ಳುಳ್ಳಿ ಕಾಯಿಸಿದ ಬಿಸಿ ಎಣ್ಣೆಯಂತೂ ಕಿವಿಯ ತೆಳುಚರ್ಮವನ್ನು ಸುಟ್ಟ ನಿದರ್ಶನಗಳೂ ಇವೆ.

ಇಷ್ಟು ಜಾಣ್ಮೆಯ ವ್ಯವಸ್ಥೆಯೂ ಕೆಲವೊಮ್ಮೆ ಕಟ್ಟಿಕೊಳ್ಳುತ್ತದೆ. ಮಕ್ಕಳಲ್ಲಿ ಹತ್ತರಲ್ಲಿ ಒಬ್ಬರಿಗೆ, ದೊಡ್ಡವರಲ್ಲಿ ಇಪ್ಪತ್ತರಲ್ಲಿ ಒಬ್ಬರಿಗೆ, ಮುಪ್ಪಿನವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಗುಗ್ಗೆ ಸಿಕ್ಕಿಕೊಂಡಿರುತ್ತದೆ ಎಂಬುದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ 2017ರಲ್ಲಿ ಕೊಟ್ಟ ಲೆಕ್ಕ. ಮುಪ್ಪಿನಲ್ಲಿ ಬೆವರುಗ್ರಂಥಿಗಳು ಸೊರಗಿ ಗುಗ್ಗೆ ಒಣಗುತ್ತದೆ, ಗಂಡಸರ ಕಿವಿಗೂದಲು ಒರಟಾಗಿ ಬೆಳೆದು ಅಡ್ಡ ನಿಲ್ಲುತ್ತದೆ. ಶ್ರವಣಯಂತ್ರ ಹಾಕಿಕೊಂಡವರಲ್ಲಿ, ದಿನವಿಡೀ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಲ್ಲಿ ಹೊರಬರುವ ದಾರಿಯೇ ಮುಚ್ಚಿರುತ್ತದೆ. ಒಂದು ವಿಚಿತ್ರವೆಂದರೆ, ಮುಕ್ಕಾಲು ಪಾಲು ದಾರಿ ಮುಚ್ಚಿದರೂ ಕೇಳಿಸುವುದು ಕಡಿಮೆಯಾಗುವುದಿಲ್ಲ. ಒಂದು ಸಣ್ಣ ಸಂದು ಉಳಿದರೂ ಶಬ್ದ ಒಳಗೆ ಹೋಗುತ್ತದೆ. ಆ ಸಂದಿಗೆ ನೀರು ಬಿದ್ದ ದಿನ ಗುಗ್ಗೆಯೊಳಗಿನ ಕೆರಟಿನ್ ನೀರು ಹೀರಿ ಉಬ್ಬುತ್ತದೆ, ಕಿವಿ ಒಮ್ಮೆಲೇ ಕಟ್ಟಿಹೋಗುತ್ತದೆ. ಶಿವರಾತ್ರಿಗೆ ಗೋಕರ್ಣದಲ್ಲಿ ಕಡಲಸ್ನಾನ ಮಾಡಿ ಬಂದವರಿಗೆ, ಈಜು ಕಲಿಯಲು ಹೊಳೆಗಿಳಿದ ಹುಡುಗರಿಗೆ ಕಿವಿ ಕಟ್ಟಿದರೆ ನೀರು ಉಳಿದಿದೆ ಎಂದು ತಿಳಿದು ಒಂಟಿಕಾಲಲ್ಲಿ ಕುಣಿಯುತ್ತಾರೆ. ಎಷ್ಟೋ ಸಲ ಒಳಗಿರುವುದು ನೀರಲ್ಲ, ಉಬ್ಬಿದ ಗುಗ್ಗೆ.

ಪೂರ್ತಿ ಮುಚ್ಚಿದ ಕಿವಿಯಲ್ಲಿ 40 ಡೆಸಿಬೆಲ್‌ವರೆಗೂ ಕೇಳುವ ಶಕ್ತಿ ಕುಂದಬಹುದು. ಮೆಲುಮಾತು ಕೇಳಿಸದೇ ಹೋಗಲು ಅಷ್ಟು ಸಾಕು. ಕೇಂದ್ರ ಸರ್ಕಾರ 2006-07ರಲ್ಲಿ ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ, ಸರಿಪಡಿಸಬಹುದಾದ ಶ್ರವಣದೋಷಕ್ಕೆ ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಸಾಮಾನ್ಯ ಕಾರಣ ಗುಗ್ಗೆಯೇ ಎಂದು ದಾಖಲಿಸಿತು. ಅದರ ಪಾಲು 15.9 ಶೇಕಡಾ. ಹದಿನೈದು ನಿಮಿಷದ ಕೆಲಸದಿಂದ ಮರಳಿ ಬರುವ ಕಿವಿ ಅದು. ಆದರೂ ಎಷ್ಟೋ ಮನೆಗಳಲ್ಲಿ ಅಜ್ಜನಿಗೆ ವಯಸ್ಸಾಯಿತು, ಕೇಳಿಸುವುದಿಲ್ಲ ಎಂದು ಸುಮ್ಮನಾಗಿಬಿಡುತ್ತಾರೆ. ಅಂಕೋಲೆಯಂಥ ಸೀಮೆಯಲ್ಲಿ ಇದರ ನಷ್ಟ ಇನ್ನೂ ದೊಡ್ಡದು. ಹಾಲಕ್ಕಿ ಒಕ್ಕಲಿಗರ ಹಾಡುಗಳು ಕಾಗದದ ಮೇಲೆ ಉಳಿದು ಬಂದವಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ತಂದುಕೊಟ್ಟ ಆ ಸಾವಿರಾರು ಸಾಲುಗಳು ಅವರಿಗೆ ಬಂದದ್ದು ಹಿರಿಯರ ಬಾಯಿಂದ ಕಿವಿಯ ಮೂಲಕ. ಹಾಡುವವರ ಮುಂದೆ ಕೇಳುವ ಕಿವಿ ಇರಬೇಕು. ಮುದುಕರ ಕಿವಿಯನ್ನು ಒಮ್ಮೆ ಬೆಳಕು ಹಾಕಿ ನೋಡಿಸುವುದು ಅಂಥ ದುಬಾರಿ ಕೆಲಸವೇನಲ್ಲ.

ಮುಳುಗುಗಾರರಿಗೆ ಗುಗ್ಗೆ ಪ್ರಾಣದ ಪ್ರಶ್ನೆಯೂ ಆಗಬಹುದು. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ. ಕಿವಿದಾರಿ ಗುಗ್ಗೆಯಿಂದ ಬಿಗಿಯಾಗಿ ಮುಚ್ಚಿದ್ದರೆ ಅದರ ಹಿಂದೆ ಸಿಕ್ಕಿಬಿದ್ದ ಗಾಳಿಗೆ ಹೊರಗಿನ ಒತ್ತಡದ ಜೊತೆ ಸರಿದೂಗಲು ದಾರಿ ಇಲ್ಲ. ತಮಟೆ ಎಳೆದಂತಾಗಿ ನೋಯುತ್ತದೆ, ರಕ್ತವೂ ಬರಬಹುದು. ಒಂದು ಕಿವಿ ಗುಗ್ಗೆಯಿಂದ ಮುಚ್ಚಿದ್ದು ಇನ್ನೊಂದಕ್ಕೆ ಮಾತ್ರ ತಣ್ಣೀರು ನುಗ್ಗಿದರೆ ತಲೆ ತಿರುಗಿ ಮೇಲು ಯಾವುದು, ಕೆಳಗು ಯಾವುದು ಎಂದೇ ತಿಳಿಯದಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಗಂಗಾವಳಿ ಹೊಳೆಯ ಪಾಲಾದಾಗ, ಕೆಂಪಾಗಿ ಹರಿಯುತ್ತಿದ್ದ ಆ ನೀರಿಗೆ ನೌಕಾದಳದ ಮುಳುಗುಗಾರರು ಇಳಿದಿದ್ದನ್ನು ನಾವೆಲ್ಲ ನೋಡಿದ್ದೇವೆ. ಕಣ್ಣು ಕಾಣದ ಅಂಥ ನೀರಿನಲ್ಲಿ ಸಮತೋಲ ಹೇಳುವುದು ಕಿವಿಯೇ. ಮುಳುಗುವ ಕೆಲಸದವರ ವೈದ್ಯಕೀಯ ತಪಾಸಣೆಯಲ್ಲಿ ಕಿವಿದಾರಿ ನೋಡುವುದು ಕಡ್ಡಾಯವಾಗಿರುವುದು ಇದಕ್ಕೇ.

ಕಟ್ಟಿದ ಗುಗ್ಗೆ ತೆಗೆಯುವುದು ತುಂಬಾ ಹಳೆಯ ವಿದ್ಯೆ. ಸುಶ್ರುತ ಸಂಹಿತೆ ಕಿವಿಯ 28 ರೋಗಗಳನ್ನು ಹೇಳುತ್ತದೆ; ಕರ್ಣಗೂಥ, ಅಂದರೆ ಕಟ್ಟಿದ ಗುಗ್ಗೆ, ಅದರಲ್ಲಿ ಒಂದು. ಅದಕ್ಕೆ ಹೇಳಿದ ಕ್ರಮ ಸರಳ: ಮೊದಲು ಎಣ್ಣೆಯಿಂದ ನೆನೆಸು, ಶಾಖ ಕೊಟ್ಟು ಕರಗಿಸು, ಆಮೇಲೆ ವೈದ್ಯನೇ ಶಲಾಕೆ ಎಂಬ ಕಡ್ಡಿಯಿಂದ ತೆಗೆಯಲಿ. ಇಂದಿನ ಆಸ್ಪತ್ರೆಯ ಕ್ರಮವೂ ಇದೇ, ಮೊದಲು ಮೆತ್ತಗೆ ಮಾಡು, ಆಮೇಲೆ ಮುಟ್ಟು. ದುಡಿಮೆಗೆಂದು ಮುಂಬೈಗೆ ಹೋಗಿಬಂದ ನಮ್ಮ ಕಡೆಯ ಹಿರಿಯರು ಅಲ್ಲಿನ ಬೀದಿಯ ಕಿವಿ ತೆಗೆಯುವವರನ್ನು ಈಗಲೂ ನೆನೆಯುತ್ತಾರೆ: ಕೆಂಪು ಮುಂಡಾಸು, ಅದರಲ್ಲಿ ಸಿಕ್ಕಿಸಿದ ಹತ್ತಿ ಸುತ್ತಿದ ಸೂಜಿಗಳು, ಸಣ್ಣ ಚಿಮುಟ, ಎಣ್ಣೆಯ ಶೀಸೆ. ಅವರ ಕೈ ಹಗುರ ಎನ್ನುವುದನ್ನು ನಂಬುತ್ತೇನೆ. ಆದರೆ ಒಂದೇ ಕಡ್ಡಿ ಹಲವರ ಕಿವಿಗೆ ಹೋಗುತ್ತದೆ, ಒಳಗಿನ ತಮಟೆ ಅವರಿಗೆ ಕಾಣುವುದಿಲ್ಲ. ಕಾಣದ ಜಾಗಕ್ಕೆ ಲೋಹದ ಕಡ್ಡಿ ಇಳಿಸುವುದು ಎಷ್ಟೇ ಹಗುರ ಕೈಯಿಂದಾದರೂ ಅಪಾಯವೇ. ಮನೆಯ ಹತ್ತಿಕಡ್ಡಿಯದೂ ಅದೇ ಕಥೆ. 1923ರಲ್ಲಿ ಲಿಯೋ ಗರ್ಸ್ಟೆನ್‌ಜಾಂಗ್ ಎಂಬ ಅಮೆರಿಕನ್ನರು ಮಗುವಿನ ಆರೈಕೆಗೆಂದು ತಂದ ಆ ಬಡ್ಸ್ ಇಂದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕಿವಿಯೊಳಗೆ ಹಾಕಬೇಡಿ ಎಂದು ತಯಾರಕರೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕುತ್ತಾರೆ. ಬಡ್ಸಿನ ಹತ್ತಿಗೆ ಒಂದಿಷ್ಟು ಗುಗ್ಗೆ ಅಂಟಿ ಬರುತ್ತದೆ, ಉಳಿದದ್ದು ಗ್ರಂಥಿಯೂ ಕೂದಲೂ ಇಲ್ಲದ ಒಳಪಾಲಿಗೆ ಹೋಗಿ ಗಟ್ಟಿಯಾಗುತ್ತದೆ.

ಬಲ್ಲ ಕೈ ಈ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಕಿವಿ-ಮೂಗು-ಗಂಟಲಿನ ಡಾಕ್ಟರ ಮೊದಲ ಸಾಧನ ಬೆಳಕು. ಹಣೆಗೆ ಕಟ್ಟಿಕೊಳ್ಳುವ, ನಡುವೆ ತೂತಿರುವ ಗುಂಡುಗನ್ನಡಿ 19ನೇ ಶತಮಾನದಿಂದ ಈ ವೃತ್ತಿಯ ಗುರುತಾಗಿತ್ತು. ಈಗ ಹೆಚ್ಚಿನ ಕಡೆ ಹಣೆದೀಪ, ಸೂಕ್ಷ್ಮದರ್ಶಕ ಬಂದಿವೆ. ಎರಡನೆಯದು ಬಳುಕಿದ ದಾರಿಯನ್ನು ನೆಟ್ಟಗೆ ಮಾಡುವ ಕೈ. ದೊಡ್ಡವರ ಹೊರಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಕೂಸಿನದಾದರೆ ಕೆಳಕ್ಕೂ ಹಿಂದಕ್ಕೂ. ಇಷ್ಟು ಮಾಡಿದರೆ ಒಳದಾರಿ ಕಣ್ಣಿಗೆ ಬೀಳುತ್ತದೆ. ಆಮೇಲೆ ತೀರ್ಮಾನ: ಮೆತ್ತಗಿದೆಯೇ, ಕಲ್ಲಾಗಿದೆಯೇ, ಹೊರಪಾಲಿನಲ್ಲಿದೆಯೇ, ತಮಟೆಗೆ ಒತ್ತಿದೆಯೇ? ಕಲ್ಲಾಗಿದ್ದರೆ ಅವಸರ ಮಾಡುವುದಿಲ್ಲ. ಸೋಡಾ ಬೈಕಾರ್ಬೊನೇಟ್ ಬೆರೆಸಿದ ಗ್ಲಿಸರಿನ್ ಹನಿಯೋ ಬೇರೆ ಮೆತ್ತಗಾಗಿಸುವ ಹನಿಯೋ ಬರೆದುಕೊಟ್ಟು ಕೆಲವು ದಿನ ಬಿಟ್ಟು ಬನ್ನಿ ಎನ್ನುತ್ತಾರೆ. ಈ ತಾಳ್ಮೆಯೇ ಕಸುಬಿನ ಅರ್ಧ ಪಾಲು.

ಮೆತ್ತಗಾದ ಗುಗ್ಗೆಯನ್ನು ಸಣ್ಣ ಕೊಕ್ಕೆಯಿಂದ ಎಳೆಯಬಹುದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೀರುಕೊಳವೆಯಿಂದ ಹೀರಬಹುದು, ಸಿರಿಂಜಿನ ನೀರಿನಿಂದ ತೊಳೆಯಬಹುದು. ಕೊಕ್ಕೆ ಹಾಕುವವರು ಹಿಡಿದ ಕೈಯ ಕಿರುಬೆರಳನ್ನು ರೋಗಿಯ ಕೆನ್ನೆಗೆ ಊರಿರುತ್ತಾರೆ. ತಲೆ ಅಲುಗಿದರೆ ಕೈಯೂ ಜೊತೆಗೇ ಅಲುಗಬೇಕು, ಕೊಕ್ಕೆ ಒಳಗೆ ಚುಚ್ಚಬಾರದು. ಗುಗ್ಗೆ ಮತ್ತು ಗೋಡೆಯ ನಡುವಿನ ಸಂದು ಹುಡುಕಿ, ಅಲ್ಲಿಂದ ಹಿಂದೆ ದಾಟಿ, ಆಮೇಲೆ ಹೊರಗೆ ಎಳೆಯುವುದು ಕ್ರಮ. ಇದರ ಮಧ್ಯೆ ಕೆಲವರಿಗೆ ಕೆಮ್ಮು ಬರುತ್ತದೆ. ಗಂಟಲು, ಹೃದಯ, ಹೊಟ್ಟೆಗೆ ಹೋಗುವ ವೇಗಸ್ ನರದ ಸಣ್ಣ ಕವಲೊಂದು ಕಿವಿದಾರಿಗೂ ಬಂದಿದೆ. ಅದನ್ನು ಮುಟ್ಟಿದರೆ ಮಿದುಳು ಗಂಟಲಿಗೆ ತಾಗಿತೆಂದು ತಿಳಿಯುತ್ತದೆ. ಕೆಮ್ಮು ಬರುವ ಸೂಚನೆ ಕಂಡೊಡನೆ ಕೈ ಹಿಂದೆ ಸರಿಯುವುದು ಅನುಭವದಿಂದ ಬಂದ ವಿದ್ಯೆ.

ನೀರಿನ ವಿದ್ಯೆ ಇನ್ನೂ ಸೂಕ್ಷ್ಮ. ಧಾರೆಯನ್ನು ಗುಗ್ಗೆಯ ಮೇಲೆ ನೇರ ಬಿಟ್ಟರೆ ಅದು ಒಳಕ್ಕೇ ಹೋಗುತ್ತದೆ. ಅದಕ್ಕೆ ದಾರಿಯ ಹಿಂಬದಿಯ ಮೇಲ್ಗೋಡೆಗೆ ಗುರಿಯಿಡುತ್ತಾರೆ. ನೀರು ಗೋಡೆ ಹಿಡಿದು ಗುಗ್ಗೆಯ ಹಿಂದೆ ಸೇರಿ, ಮರಳಿ ಬರುವಾಗ ಅದನ್ನು ಹೊತ್ತು ತಂದು ಕೆಳಗೆ ಹಿಡಿದ ಟ್ರೇಗೆ ಕೆಡವುತ್ತದೆ. ನೀರು ಮೈಯ ಬಿಸಿಯಷ್ಟೇ, ಅಂದರೆ 37 ಡಿಗ್ರಿ ಇರಬೇಕು. ಈ ಒಂದು ನಿಯಮದ ಹಿಂದೆ ನೊಬೆಲ್ ಪ್ರಶಸ್ತಿ ಇದೆ ಎಂದರೆ ನಂಬಬೇಕು. ವಿಯೆನ್ನಾದ ಆಸ್ಪತ್ರೆಯಲ್ಲಿ ರಾಬರ್ಟ್ ಬಾರಾನಿ ಎಂಬ ತರುಣ ವೈದ್ಯರು ಕಿವಿ ತೊಳೆಯುವಾಗ ರೋಗಿಗಳು ತಲೆ ತಿರುಗುತ್ತದೆ ಎನ್ನುತ್ತಿದ್ದರು, ಅವರ ಕಣ್ಣುಗುಡ್ಡೆಗಳು ಅದುರುತ್ತಿದ್ದವು. ನೀರು ಬೆಚ್ಚಗಿರದಿದ್ದರೆ ಹೀಗಾಗುತ್ತದೆ ಎಂದು ಒಬ್ಬ ರೋಗಿಯೇ ಹೇಳಿದ. ಇನ್ನೊಮ್ಮೆ ನೀರು ಹೆಚ್ಚು ಬಿಸಿಯಾದಾಗ ಕಣ್ಣುಗಳು ಎದುರು ದಿಕ್ಕಿಗೆ ಅದುರಿದ್ದನ್ನು ಬಾರಾನಿ ಗಮನಿಸಿದರು. ಒಳಕಿವಿಯ ಅರ್ಧವೃತ್ತದ ನಾಳಗಳಲ್ಲಿರುವ ದ್ರವ ಬಿಸಿಗೆ, ತಂಪಿಗೆ ಹರಿದಾಡುತ್ತದೆ, ಸಮತೋಲದ ಅರಿವು ಅಲ್ಲಿಂದ ಹೊರಡುತ್ತದೆ ಎಂಬ ತಿಳಿವಳಿಕೆ ಅವರಿಗೆ ಹೊಳೆದದ್ದು ಹೀಗೆ. 1914ರ ನೊಬೆಲ್ ಅವರಿಗೆ ಬಂದಾಗ ಅವರು ರಷ್ಯದಲ್ಲಿ ಯುದ್ಧಕೈದಿಯಾಗಿದ್ದರು. ಸಮತೋಲದ ನಾಳಗಳನ್ನು ಪರೀಕ್ಷಿಸಲು ಇಂದಿಗೂ ಕಿವಿಗೆ ಬೆಚ್ಚನೆಯ, ತಣ್ಣನೆಯ ನೀರು ಬಿಟ್ಟು ಕಣ್ಣು ನೋಡುತ್ತಾರೆ. ಕಿವಿ ತೊಳೆಯುವ ಸಾದಾ ಕೆಲಸವನ್ನು ಗಮನವಿಟ್ಟು ಮಾಡಿದವರೊಬ್ಬರಿಂದ ಇಷ್ಟು ದೊಡ್ಡ ಅರಿವು ಬಂತು.

ನೀರು ಎಲ್ಲರಿಗೂ ಅಲ್ಲ. ತಮಟೆಯಲ್ಲಿ ತೂತಿದ್ದವರಿಗೆ, ಕಿವಿ ಸೋರುವವರಿಗೆ, ಹಿಂದೆ ಕಿವಿಯ ಶಸ್ತ್ರಕ್ರಿಯೆ ಆದವರಿಗೆ, ಒಂದೇ ಕಿವಿ ಕೇಳುವವರಿಗೆ ಸಿರಿಂಜ್ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ಗಾಯವೂ ಎಲುಬಿಗೆ ಇಳಿಯುವ ಸೋಂಕಾಗಬಹುದಾದ್ದರಿಂದ ಹೆಚ್ಚಿನ ಎಚ್ಚರ. ಮಗು ಕಿವಿಗೆ ಅಲಸಂದೆಕಾಳು, ಹೆಸರುಕಾಳು ಹಾಕಿಕೊಂಡಿದ್ದರೆ ನೀರು ಬಿಡಲೇಬಾರದು, ಕಾಳು ಉಬ್ಬಿ ಸಿಕ್ಕಿಕೊಳ್ಳುತ್ತದೆ. ಜೀವಂತ ಹುಳ ಹೊಕ್ಕಿದ್ದರೆ ಮಾತ್ರ ಅಜ್ಜಿಯ ತೆಂಗಿನೆಣ್ಣೆಯೇ ಸರಿ: ಎರಡು ಹನಿ ಬಿಟ್ಟರೆ ಹುಳ ಸತ್ತು ಗುಯ್‌ಗುಡುವುದು ನಿಲ್ಲುತ್ತದೆ, ತೆಗೆಯುವ ಕೆಲಸ ಡಾಕ್ಟರಿಗೆ ಬಿಡಬಹುದು. ಕಿವಿಗೆ ಮೇಣದ ಕೊಳವೆ ಇಟ್ಟು ಬೆಂಕಿ ಹಚ್ಚಿ ಗುಗ್ಗೆ ಎಳೆಯುತ್ತೇವೆ ಎನ್ನುವವರು ಈಚೆಗೆ ಬಂದಿದ್ದಾರೆ. ಕೊಳವೆಯ ಬುಡದಲ್ಲಿ ತೋರಿಸುವ ಕಂದು ಪದಾರ್ಥ ಸುಟ್ಟ ಮೇಣವೇ ಹೊರತು ಗುಗ್ಗೆಯಲ್ಲ. ಕಿವಿ ಸುಟ್ಟುಕೊಂಡವರು ಇದ್ದಾರೆ.

ಕಿವಿ ಕೇಳುತ್ತಿದ್ದರೆ, ನೋವಿಲ್ಲದಿದ್ದರೆ, ಒಳಗೆ ಎಷ್ಟೇ ಗುಗ್ಗೆ ಇರಲಿ, ಇರಗೊಡಿ. ಹೊರಗಿವಿಗೆ ಬಂದು ಕಾಣುವುದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕಿವಿ ಕಟ್ಟಿದೆ, ಗುಯ್‌ಗುಡುತ್ತದೆ, ನೋಯುತ್ತದೆ, ಸೋರುತ್ತದೆ ಎಂದಾದರೆ ಅಂಕೋಲೆಯವರು ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಬೇಕಾದರೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಕಿವಿ-ಮೂಗು-ಗಂಟಲಿನ ವಿಭಾಗ ಇದೆ. ಹೋದಾಗ ಕೇಳದಿದ್ದರೂ ಮೊದಲು ಹೇಳಬೇಕಾದ ಮಾತು ಎರಡು: ಈ ಕಿವಿ ಹಿಂದೆ ಯಾವಾಗಲಾದರೂ ಸೋರಿತ್ತೇ, ನಿಮಗೆ ಸಕ್ಕರೆ ಕಾಯಿಲೆ ಇದೆಯೇ. ಮನೆಯ ಹಿರಿಯರಿಗೆ ಕೇಳಿಸುವುದು ಕಡಿಮೆಯಾಗಿದೆ ಅನ್ನಿಸಿದರೆ ಶ್ರವಣಯಂತ್ರ ಕೊಳ್ಳುವ ಮೊದಲು ಅವರ ಎರಡೂ ಕಿವಿಗಳನ್ನು ಒಮ್ಮೆ ನೋಡಿಸಿ.